ಘನಾಕೃತಿ ಕಲಿಸುವಾಗ ಬೋರ್ಡು ಕೊನೆಗೆ

ಎಲ್ಲರಿಗೂ ನಮಸ್ಕಾರ. ಹಾಸನದ ಇಷ್ಟೊಂದು ಗಣಿತ ಮೇಷ್ಟ್ರು, ಮೇಡಂಗಳ ಮುಂದೆ ಸೂತ್ರ ಹೇಳುವ ಧೈರ್ಯ ನನಗಿಲ್ಲ. ನಾನು ಹೇಳಬೇಕಿರುವುದು ಬೋರ್ಡಿನ ಬಗ್ಗೆ.

ಬೋರ್ಡಿನ ಮೇಲೆ ಘನ ಹೇಗೆ ಬರೆಯುತ್ತೇವೆ? ಮುಂದೆ ಒಂದು ಚೌಕ. ಮೇಲೆ, ಪಕ್ಕದಲ್ಲಿ ಓರೆ ಮುಖಗಳು. ಕಾಣದ ಮೂರು ಅಂಚಿಗೆ ಚುಕ್ಕಿ ಗೆರೆ. ಆಮೇಲೆ "ಆರೂ ಮುಖ ಚೌಕ, ಎಲ್ಲವೂ ಸಮ" ಅನ್ನುತ್ತೇವೆ. ಎದುರಿಗೆ ಕಾಣುವ ಮೂರರಲ್ಲಿ ಚೌಕ ಇರುವುದು ಒಂದೇ ಅಲ್ವಾ! ಓರೆ ಗೆರೆಯನ್ನು ಆಳ ಅಂತ ಓದುವುದು ಕಣ್ಣಿನ ಅಭ್ಯಾಸ. ಹುಟ್ಟಿನಿಂದ ಕಣ್ಣು ಕಾಣದ ಮಗುವಿಗೆ ಇದೇ ಚಿತ್ರವನ್ನು ಉಬ್ಬು ಗೆರೆಯಲ್ಲಿ ಕೊಟ್ಟರೂ ಬೆರಳಿಗೆ ಸಿಗುವುದು ಗೆರೆಗಳ ಗೋಜಲು. ಕಿವಿ ಕೇಳದ ಮಗುವಿನ ತೊಂದರೆ ಬೇರೆ. ನಾವು ಬೋರ್ಡಿಗೆ ಮುಖ ಮಾಡಿ ಮಾತಾಡುತ್ತೇವೆ, ತುಟಿಯೇ ಕಾಣುವುದಿಲ್ಲ. ಹಾಗಾಗಿ ವಸ್ತು ಮೊದಲು, ಅದನ್ನು ಬಿಚ್ಚಿ ಹರಡಿದ ಜಾಲಾಕೃತಿ ಆಮೇಲೆ, ಚಿತ್ರ ಕೊನೆಗೆ.

ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆಗೆ ಬರ ಇಲ್ಲ. ದಪ್ಪದ್ದೊಂದನ್ನು ಘನವಾಗಿ ಕತ್ತರಿಸಿ. ಚಾಕು ನಿಮ್ಮ ಕೈಯಲ್ಲೇ ಇರಲಿ. ಮಕ್ಕಳು ಮುಟ್ಟಿ ಎಣಿಸಲಿ: 6 ಮುಖ, 12 ಅಂಚು, 8 ಶೃಂಗ, ಅಂದರೆ ಮೂಲೆ. ಒಂದು ಮೂಲೆ ಹಾರಿಸಿದರೆ ತ್ರಿಭುಜ ಸಿಗುತ್ತದೆ. ಅದು ಯಾರಿಗೂ ಆಶ್ಚರ್ಯ ಅಲ್ಲ. ಇನ್ನೊಂದು ಘನ ತಗೊಳ್ಳಿ. ಒಂದು ಮೂಲೆ, ಒಳಗಿಂದ ಹಾದುಹೋದರೆ ಅದಕ್ಕೆ ನೇರ ಎದುರಾಗುವ ಇನ್ನೊಂದು ಮೂಲೆ, ಇವೆರಡನ್ನೂ ಎರಡು ಬೆರಳಲ್ಲಿ ಹಿಡಿಯಿರಿ. ಈ ಎರಡೂ ಮೂಲೆ ಸೇರದ ಅಂಚುಗಳು ಆರು ಉಳಿಯುತ್ತವೆ. ಆ ಆರರ ನಟ್ಟನಡುವೆ ಸಣ್ಣ ಗೀರು ಹಾಕಿ. ಆರೂ ಗೀರುಗಳ ಮೂಲಕ ಹಾಯುವಂತೆ ಒಂದೇ ಸಲ ಕತ್ತರಿಸಿ. ಸಮ ಷಡ್ಭುಜ! ಚೌಕಗಳ ಗಡ್ಡೆಯೊಳಗೆ ಅದೆಲ್ಲಿತ್ತು? ಚೆನ್ನಾಗಿ ಚಿತ್ರ ಬರೆಯುವ ಮಗುವೂ ಇದನ್ನು ಮೊದಲೇ ಊಹಿಸುವುದು ಕಷ್ಟ. ಇಲ್ಲಿ ಮುಟ್ಟಿ ನೋಡುವ ಮಗು ಹಿಂದೆ ಬೀಳುವುದಿಲ್ಲ. ಕೈ ನಡುಗುವ ಮಗು ಗೀರು ಎಲ್ಲಿ ಬೇಕೆಂದು ಹೇಳಲಿ, ಪಕ್ಕದವರು ಹಾಕಲಿ.

ಶಂಕುವಿಗೆ ರಟ್ಟು, ರಾಗಿ ಸಾಕು. ತ್ರಿಜ್ಯ 7 ಸೆಂ.ಮೀ., ಎತ್ತರ 24 ಸೆಂ.ಮೀ. ಇರುವ ಸಿಲಿಂಡರ್ ಮಾಡಿ. ಅಷ್ಟೇ ಅಳತೆಯ ಶಂಕುವಿನ ಓರೆ ಎತ್ತರ, ಅಂದರೆ ತುದಿಯಿಂದ ತಳದ ಅಂಚಿನವರೆಗೆ, 25 ಸೆಂ.ಮೀ. ಹಾಗಾಗಿ ಅಷ್ಟು ತ್ರಿಜ್ಯದ ವೃತ್ತದಿಂದ ಸುಮಾರು 101 ಡಿಗ್ರಿಯ ತುಂಡು ಕತ್ತರಿಸಬೇಕು, ಅಂಟಿಸಲು ಸ್ವಲ್ಪ ಜಾಸ್ತಿ ಬಿಡಿ. 24 ಇಟ್ಟು ಕತ್ತರಿಸಿದವರ ಶಂಕು ಗಿಡ್ಡ ಆಗುತ್ತದೆ. ಆಗಲಿ ಬಿಡಿ. ಎತ್ತರ ಬೇರೆ, ಓರೆ ಎತ್ತರ ಬೇರೆ ಎಂದು ಮತ್ತೆ ಹೇಳುವ ಕೆಲಸ ತಪ್ಪುತ್ತದೆ. ಸರಿಯಾದ ಶಂಕುವಿನಿಂದ ಮೂರು ಸಲ ರಾಗಿ ಸುರಿದರೆ ಸಿಲಿಂಡರ್ ತುಂಬುತ್ತದೆ. ಎಣಿಕೆಯೇ ತೊಡಕಾದ ಮಕ್ಕಳಿಗೂ ಮೂರು ಸುರಿತ ನೆನಪಿರುತ್ತದೆ.

ಹಳೇಬೀಡಿಗೆ ಪ್ರವಾಸ ಹೋದರೆ ಹೊಯ್ಸಳೇಶ್ವರದ ಕಡೆದ ಕಂಬಗಳ ಮುಂದೆ ಸ್ವಲ್ಪ ನಿಲ್ಲಿ. ತಿರುಗಿಸಿ ಕಡೆದ ಭಾಗವನ್ನು ಎಲ್ಲಿ ಅಡ್ಡ ಸೀಳಿದಂತೆ ಊಹಿಸಿದರೂ ವೃತ್ತವೇ ಸಿಗುತ್ತದೆ. ಕಂಬ ಸವರಿ ಅಂತ ನಾನು ಹೇಳಲಾರೆ, ಸ್ಮಾರಕ ಅದು. ಕೈಗೆ ಚನ್ನಪಟ್ಟಣದ ಬುಗುರಿ ಕೊಡಿ, ಅದೂ ಹಾಗೇ ತಿರುಗಿಸಿ ಕಡೆದದ್ದು.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಕೇಳುವುದು ಸೂತ್ರ, ಲೆಕ್ಕ ಅಂತ ನೀವು ಹೇಳಬಹುದು. ಸರಿ. ಆದರೆ ಕಿರುಪರೀಕ್ಷೆ ನಮ್ಮ ಕೈಯಲ್ಲೇ ಇದೆ. ಅಲ್ಲಿ ಚಿತ್ರ ಬರೆಯಿರಿ ಎಂಬ ಪ್ರಶ್ನೆಯ ಜೊತೆಗೆ "ಅಥವಾ ಮಾಡಿ ತೋರಿಸಿ" ಎಂದು ಸೇರಿಸಿ, ಅಂಕ ಅಷ್ಟೇ ಕೊಡಿ.