ಜಾಗಕ್ಕೆ ಹೋಗದೆ ಪರ್ಮಿಟ್‌ಗೆ ಸಹಿ ಬೇಡ

ನಮಸ್ಕಾರ. ಇವತ್ತು ಒಂದು ಸಹಿಯ ಬಗ್ಗೆ ಮಾತಾಡಬೇಕು. ವರ್ಕ್ ಪರ್ಮಿಟ್ ಮೇಲೆ, ಅಂದರೆ ಅಪಾಯದ ಕೆಲಸ ಶುರು ಮಾಡಬಹುದು ಅಂತ ಒಪ್ಪಿಗೆ ಕೊಡುವ ಹಾಳೆಯ ಮೇಲೆ, ಎಂಜಿನಿಯರ್ ಹಾಕುವ ಸಹಿ.

ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಪ್ಲಾಂಟ್‌ಗಳಲ್ಲಿ ಇರುವವರು, ಬೀದರ್‌ನ ಕೊಳಾರದಲ್ಲಿ ಔಷಧ ಮತ್ತು ಕೆಮಿಕಲ್ ಘಟಕಗಳಲ್ಲಿ ಇರುವವರು, ಯಾದಗಿರಿಯ ಕಡೇಚೂರಿನಲ್ಲಿ ಇರುವವರು, ಶಿಫ್ಟ್ ಇನ್‌ಚಾರ್ಜ್, ಮೇಂಟೆನೆನ್ಸ್, ಸೇಫ್ಟಿ, ಯಾವ ವಿಭಾಗವೇ ಆಗಲಿ, ಈ ಮಾತು ನಿಮಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ನಡೆಯುವ ಜಾಗಕ್ಕೆ ಕಾಲಿಡದೆ ಸಹಿ ಹಾಕುವುದು ನಿಲ್ಲಬೇಕು. ಎಲ್ಲ ಪರ್ಮಿಟ್‌ಗೂ ಅಂತ ಹೇಳುತ್ತಿಲ್ಲ. ಜೀವ ಹೋಗಬಹುದಾದ ಕೆಲಸಗಳಿಗೆ. ಟ್ಯಾಂಕ್ ಒಳಗೆ ಇಳಿಯುವುದು, ಸಿಮೆಂಟಿನ ಕಚ್ಚಾ ಪುಡಿ ಕಾಯಿಸುವ ಸೈಕ್ಲೋನ್ ಜಾಮ್ ಬಿಡಿಸುವುದು, ಬೇಗ ಬೆಂಕಿ ಹತ್ತುವ ಸಾಲ್ವೆಂಟ್ ದ್ರವ ಇರುವ ಕಡೆ ವೆಲ್ಡಿಂಗ್, ಎತ್ತರದ ಕೆಲಸ. ಇವಕ್ಕೆ ಮಾತ್ರ.

ಬೆಳಿಗ್ಗೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಗುತ್ತಿಗೆದಾರರ ಸೂಪರ್‌ವೈಸರ್ ಪರ್ಮಿಟ್ ಪುಸ್ತಕ ಹಿಡಿದು ಟೇಬಲ್ ಮುಂದೆ ನಿಲ್ಲುತ್ತಾನೆ. "ಸಾಹೇಬ್ರ, ಲೇಬರ್ ಖಾಲಿ ಕುಂತಾರ, ಲಗೂ ಸಹಿ ಮಾಡ್ರಿ" ಅನ್ನುತ್ತಾನೆ. ಟಿಕ್ ಮಾರ್ಕ್‌ಗಳು ಆಗಲೇ ತುಂಬಿವೆ. ಗ್ಯಾಸ್ ಟೆಸ್ಟ್ ಕಾಲಂನಲ್ಲೂ ನಂಬರ್ ಇದೆ. ಆ ನಂಬರ್ ಇವತ್ತಿನದಾ, ನಿನ್ನೆಯದಾ, ಯಾರು ಅಳೆದದ್ದು, ಎಷ್ಟು ಗಂಟೆಗೆ? ಕೇಳಲು ಪುರುಸೊತ್ತಿಲ್ಲ. ಪೆನ್ ಓಡುತ್ತದೆ.

ಈಗ ಆ ಪರ್ಮಿಟ್ ಕೊಳಚೆ ನೀರು ಶುದ್ಧ ಮಾಡುವ ಇಟಿಪಿ ಟ್ಯಾಂಕ್‌ದು ಅಂತ ಇಟ್ಟುಕೊಳ್ಳಿ. ತಳದಲ್ಲಿ ಕೆಸರು ಕೂತಿರುತ್ತದೆ. ಆ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅಡಗಿರುತ್ತದೆ. ಸುಮ್ನೆ ಇದ್ದಾಗ ಮೀಟರ್‌ನಲ್ಲಿ ಏನೂ ಕಾಣದೆ ಹೋಗಬಹುದು. ಒಳಗಿಳಿದವನು ಸಲಿಕೆ ಹಾಕಿ ಕೆದಕಿದ ಕ್ಷಣ ಅದು ಮೇಲೆದ್ದು ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಿ ಬರೋಣ ಅಂದುಕೊಂಡರೆ ಅದೂ ಆಗುವುದಿಲ್ಲ. ಸುಮಾರು 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು, ಮುಟ್ಟುವ ಹೊತ್ತಿಗೆ ಈ ಗ್ಯಾಸ್ ಮೂಗಿನ ಶಕ್ತಿಯನ್ನೇ ಸಾಯಿಸುತ್ತದೆ. ವಾಸನೆ ನಿಂತಿತು, ಗ್ಯಾಸ್ ಹೋಯಿತು ಅಂತ ಅವನು ತಿಳಿಯುತ್ತಾನೆ. ನಿಜವಾಗಿ ಅಪಾಯ ಜಾಸ್ತಿ ಆಗಿರುತ್ತದೆ. ಇದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಮ್ಯಾನ್‌ಹೋಲ್ ಬಾಯಲ್ಲಿ ಡಿಟೆಕ್ಟರ್ ಹಿಡಿದು "ಓಕೆ" ಅಂದರೆ ತಳದ ಬಗ್ಗೆ ಏನೂ ತಿಳಿದಂತಾಗಲಿಲ್ಲ. ಮೇಲೆ, ನಡುವೆ, ತಳ, ಮೂರೂ ಕಡೆ ಅಳೆಯಬೇಕು. ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ಅಳೆಯಬೇಕು. ಕೆಲಸ ನಡೆಯುವಷ್ಟು ಹೊತ್ತೂ ಒಂದು ಮೀಟರ್ ಅವನ ಎದೆಯ ಮೇಲೆ ಇರಬೇಕು.

ಕೆಮಿಕಲ್ ಬೆರೆಸುವ ರಿಯಾಕ್ಟರ್ ಪಾತ್ರೆ ಒಳಗೆ ನೈಟ್ರೋಜನ್ ಉಳಿದಿದ್ದರಂತೂ ವಾಸನೆಯ ಮಾತೇ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9. ಅದು ಶೇ 19.5ಕ್ಕಿಂತ ಕೆಳಗೆ ಹೋದರೆ ಒಳಗೆ ಇಳಿಯುವಂತಿಲ್ಲ. ಇನ್ನೂ ತೀರಾ ಕಡಿಮೆ ಇದ್ದರೆ ಮನುಷ್ಯನಿಗೆ ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ, ನಿಂತಲ್ಲೇ ಕುಸಿಯುತ್ತಾನೆ.

ಅವನು ಕುಸಿದದ್ದನ್ನು ನೋಡಿ ಮೇಲಿದ್ದವನು ಜಿಗಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಒಂದೇ ಊರಿನವರು, ಅಣ್ಣತಮ್ಮಂದಿರು, ಕಾಕಾನ ಮಗ. ನೋಡುತ್ತಾ ನಿಲ್ಲಲು ಯಾರಿಗೆ ಆಗುತ್ತದೆ ಹೇಳಿ? ಕೆಲಸದ ಜಾಗದ ಸುರಕ್ಷತೆ ಅಧ್ಯಯನ ಮಾಡುವ ಅಮೆರಿಕದ ನಯೋಶ್ ಸಂಸ್ಥೆ 1986ರಲ್ಲೇ ಹೇಳಿತ್ತು, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಅಂತ. ಅದಕ್ಕೇ ಒಳಗಿದ್ದವನನ್ನು ಹೊರಗಿನಿಂದಲೇ ಎಳೆದು ತೆಗೆಯುವ ಟ್ರೈಪಾಡ್, ವಿಂಚ್, ಮೈಗೆ ಕಟ್ಟುವ ಹಾರ್ನೆಸ್ ಮತ್ತು ಹಗ್ಗ ಮೊದಲೇ ಅಲ್ಲಿರಬೇಕು. ಅವು ಸ್ಟೋರ್‌ನಲ್ಲಿ ಇವೆಯಾ, ಮ್ಯಾನ್‌ಹೋಲ್ ಪಕ್ಕ ಇವೆಯಾ ಅನ್ನುವುದು ಆಫೀಸಿನ ಕುರ್ಚಿಯಿಂದ ಕಾಣುವುದಿಲ್ಲ.

ಇದು ನನ್ನೊಬ್ಬನ ಹಟ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ಇದನ್ನು ಬರೆದಿದ್ದರು. ಟ್ಯಾಂಕ್, ಗುಂಡಿ, ಚೇಂಬರ್ ಒಳಗೆ ಯಾರನ್ನಾದರೂ ಇಳಿಸಬೇಕಾದರೆ ಅರ್ಹ ವ್ಯಕ್ತಿಯೊಬ್ಬರು ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು ಅಂತ. ಯಾವ ಆಧಾರದ ಮೇಲೆ? ಅವರು ತಾವೇ ಮಾಡಿದ ಪರೀಕ್ಷೆಯ ಆಧಾರದ ಮೇಲೆ. ಇಲ್ಲದಿದ್ದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಇರಬೇಕು, ಬೆಲ್ಟ್‌ಗೆ ಕಟ್ಟಿದ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. ತಾವೇ ಮಾಡಿದ ಪರೀಕ್ಷೆ ಅಂತ ಅಷ್ಟು ಹಿಂದೆಯೇ ಹೇಳಿದ್ದಾರೆ. ನಾವು ಪರೀಕ್ಷೆ ಬಿಟ್ಟು ಪ್ರಮಾಣಪತ್ರ ಮಾತ್ರ ಉಳಿಸಿಕೊಂಡೆವು.

ಸಿಮೆಂಟ್ ಕಡೆಯವರಿಗೆ ಬರುತ್ತೇನೆ. ಪ್ರೀಹೀಟರ್ ಸೈಕ್ಲೋನ್ ಜಾಮ್ ಆಯಿತು. ಉತ್ಪಾದನೆ ನಿಂತಿದೆ, ಪ್ರತಿ ಗಂಟೆಗೆ ಮೇಲಿನಿಂದ ಫೋನ್. ಒಳಗೆ 800 ಡಿಗ್ರಿ ಆಸುಪಾಸಿನ ಪುಡಿ ಗಟ್ಟಿಯಾಗಿ ಕೂತಿದೆ. ಅದು ಒಮ್ಮೆ ಸಡಿಲವಾದರೆ ನೀರಿನ ಹಾಗೆ ಹರಿಯುತ್ತದೆ, ತೆರೆದ ಬಾಗಿಲು ಯಾವುದಿದೆಯೋ ಅಲ್ಲಿಂದೆಲ್ಲ ನುಗ್ಗುತ್ತದೆ. ಅದಕ್ಕೆ ಒಳಗೆ ಬರುವ ಪುಡಿಯ ಫೀಡ್ ನಿಲ್ಲಿಸಬೇಕು, ಕೆಳಗಿನ ಅಂತಸ್ತುಗಳಲ್ಲಿ ಒಬ್ಬರೂ ಇರಬಾರದು, ಕೆದಕಲು ಇರುವ ಕಿಂಡಿ, ಪೋಕ್ ಹೋಲ್, ಒಂದು ಸಲಕ್ಕೆ ಒಂದೇ ತೆರೆಯಬೇಕು, ಶಾಖ ತಡೆಯುವ ಸೂಟ್ ಹಾಕದವನು ಹತ್ತಿರ ಸುಳಿಯಬಾರದು. ಮೇ ತಿಂಗಳಲ್ಲಿ ಸೇಡಂ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಆ ಸೂಟ್ ಒಳಗೆ ಮನುಷ್ಯ ಬೇಯುತ್ತಾನೆ. ಸ್ವಲ್ಪ ಹೊತ್ತಿಗೇ ಎದೆಯ ಮೇಲಿನ ಬಟನ್ ಬಿಚ್ಚುತ್ತಾನೆ, ಮುಖದ ಕವಚ ಮೇಲೆತ್ತುತ್ತಾನೆ. "ಪಿಪಿಇ: ಇದೆ", ಅಂದರೆ ರಕ್ಷಣೆಯ ಉಡುಪು ಇದೆ, ಅಂತ ಟಿಕ್ ಹಾಕಿದವರು ಆ ಗೋಪುರ ಹತ್ತಿ ನಿಂತರೆ ಅರ್ಥವಾಗುತ್ತದೆ, ಈ ಕೆಲಸಕ್ಕೆ ಎರಡು ತಂಡ ಬೇಕು, ಸರದಿ ಬೇಕು, ನೆರಳು ಮತ್ತು ನೀರು ಬೇಕು ಅಂತ. ಆಫೀಸಿನಲ್ಲಿ ಕೂತು ಅವನಿಗೆ ಶಿಸ್ತಿಲ್ಲ ಅನ್ನುವುದು ಸರಿಯಲ್ಲ.

ಅಪಾಯದ ಲೆಕ್ಕ ಹಾಕುವ ರಿಸ್ಕ್ ಅಸೆಸ್‌ಮೆಂಟ್ ಹಾಳೆಯದೂ ಇದೇ ಪಾಡು. ಎಷ್ಟು ಸಂಭವ, ಎಷ್ಟು ಹಾನಿ, ಎರಡನ್ನೂ ಗುಣಿಸು. ಹಾನಿಯ ಜಾಗದಲ್ಲಿ ಸಾವು ಅಂತ 5 ಹಾಕಲೇಬೇಕು, ತಪ್ಪಿಸಲಾಗದು. ಆಗ ಸಂಭವದ ಕಡೆ 1 ಬರೆಯುತ್ತಾರೆ. ಹಾಳೆ ಹಸಿರಾಗುತ್ತದೆ, ಅಂದರೆ ಅಪಾಯ ಕಡಿಮೆ ಅಂತ. "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಅನ್ನುವುದೇ ಆಧಾರ. ಇಷ್ಟು ವರ್ಷ ಆಗದೇ ಇದ್ದದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಆ ತಡೆಗಳು ಇವತ್ತೂ ಕೆಲಸ ಮಾಡುತ್ತಿವೆಯಾ? ಭೋಪಾಲ್‌ನಲ್ಲಿ 1984ರ ಡಿಸೆಂಬರ್ ರಾತ್ರಿ ತಡೆಗಳು ಇರಲಿಲ್ಲ ಅಂತಲ್ಲ. ಟ್ಯಾಂಕ್ ತಂಪು ಮಾಡುವ ಘಟಕ ಬಂದ್ ಆಗಿತ್ತು, ವಿಷಗ್ಯಾಸ್ ತೊಳೆಯುವ ಸ್ಕ್ರಬ್ಬರ್ ತಯಾರಿರಲಿಲ್ಲ, ಗ್ಯಾಸ್ ಸುಟ್ಟುಬಿಡುವ ಫ್ಲೇರ್‌ನ ಪೈಪ್ ದುರಸ್ತಿಗೆ ಬಿಚ್ಚಿಟ್ಟಿತ್ತು. ಕಾಗದದಲ್ಲಿ ಮೂರೂ ಇದ್ದವು.

ಪೈಪರ್ ಆಲ್ಫಾ ಕಥೆಯನ್ನು ಪ್ರತಿಯೊಬ್ಬ ಮೇಂಟೆನೆನ್ಸ್ ಎಂಜಿನಿಯರ್ ತಿಳಿದಿರಬೇಕು. 1988ರ ಜುಲೈ 6, ಉತ್ತರ ಸಮುದ್ರದ ತೈಲ ವೇದಿಕೆ. ಹಗಲು ಶಿಫ್ಟ್‌ನವರು ಒಂದು ಪಂಪ್‌ನ ಒತ್ತಡ ಇಳಿಸುವ ರಿಲೀಫ್ ವಾಲ್ವ್ ಬಿಚ್ಚಿ, ಅಲ್ಲಿ ಫ್ಲ್ಯಾಂಜ್ ಅನ್ನುವ ಮುಚ್ಚಳ ಹಾಕಿಟ್ಟು ಹೋಗಿದ್ದರು. ಆ ಕೆಲಸಕ್ಕೆ ಪರ್ಮಿಟ್ ಇತ್ತು. ರಾತ್ರಿ ಇನ್ನೊಂದು ಪಂಪ್ ಕೈಕೊಟ್ಟಿತು. ವಾಲ್ವ್ ಇಲ್ಲ ಅನ್ನುವ ವಿಷಯ ರಾತ್ರಿ ಶಿಫ್ಟ್‌ಗೆ ಮುಟ್ಟಿರಲಿಲ್ಲ. ವಾಲ್ವ್ ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಹೋಗುವವನು ಬರುವವನನ್ನು ಕರೆದುಕೊಂಡು ಪಂಪ್ ಮುಂದೆ ನಿಂತು "ನೋಡು, ಇಲ್ಲಿ ವಾಲ್ವ್ ಇಲ್ಲ" ಅಂದಿದ್ದರೆ? ನಮ್ಮಲ್ಲಿ ಶಿಫ್ಟ್ ಹ್ಯಾಂಡೋವರ್ ಈಗ ವಾಟ್ಸಾಪ್‌ನಲ್ಲಿ ನಡೆಯುತ್ತಿದೆ.

ದೂರದ್ದು ಬಿಡಿ. ಬೀದರ್‌ನಿಂದ ಜಹೀರಾಬಾದ್ ದಾಟಿ ಹೈದರಾಬಾದ್‌ಗೆ ಹೋಗುವ ದಾರಿ ಕಡೆಯೇ ಪಾಶಮೈಲಾರಂ ಇದೆ. 2025ರ ಜೂನ್ 30ರಂದು ಅಲ್ಲಿನ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಗುರುತು ಹಚ್ಚಲು ಡಿಎನ್ಎ ಪರೀಕ್ಷೆ ಮಾಡಬೇಕಾಯಿತು. ನಮ್ಮ ಭಾಗದ ಎಷ್ಟೋ ಹುಡುಗರು ಕೆಲಸ ಹುಡುಕಿಕೊಂಡು ಹೋಗುವುದು ಆ ಕಡೆಯ ಕಾರ್ಖಾನೆಗಳಿಗೇ.

ನೀವು ಹೇಳುವುದು ನನಗೆ ಗೊತ್ತು. ದುರಸ್ತಿಗೆ ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್ ಸಮಯದಲ್ಲಿ ಪರ್ಮಿಟ್‌ಗಳ ರಾಶಿ, ಸಹಿ ಹಾಕುವವನು ಒಬ್ಬ, ಎಲ್ಲ ಕಡೆ ಹೋಗುವುದು ಹೇಗೆ? ಇದು ನಿಜವಾದ ಕಷ್ಟ. ನನ್ನ ಉತ್ತರ ಇಷ್ಟೇ. ಒಬ್ಬ ಮನುಷ್ಯ ಹೋಗಿ ನೋಡಲು ಆಗುವಷ್ಟೇ ಪರ್ಮಿಟ್ ಒಂದು ಶಿಫ್ಟ್‌ನಲ್ಲಿ ತೆರೆಯಲಿ. ಹೆಚ್ಚು ಬೇಕಾದರೆ ಹೆಚ್ಚು ಜನರಿಗೆ ತರಬೇತಿ ಕೊಟ್ಟು ಅಧಿಕಾರ ಕೊಡಲಿ. ವೆಲ್ಡರ್ ಕಡಿಮೆ ಬಿದ್ದರೆ ಕೆಲಸ ಮುಂದಕ್ಕೆ ಹಾಕುತ್ತೇವೆ ಅಲ್ವಾ? ಪರ್ಮಿಟ್ ಕೊಡುವವರು ಕಡಿಮೆ ಬಿದ್ದರೂ ಹಾಗೇ ಮಾಡಬೇಕು.

ಜಾಗಕ್ಕೆ ಹೋದರೆ ಇನ್ನೊಂದು ಲಾಭ ಇದೆ. ಕೆಲಸಗಾರನ ಮಾತು ಕಿವಿಗೆ ಬೀಳುತ್ತದೆ. ಪರ್ಮಿಟ್ ಇಂಗ್ಲಿಷ್‌ನಲ್ಲಿ, ಅವನದು ಕನ್ನಡ, ಉರ್ದು, ತೆಲುಗು, ಇಲ್ಲವೇ ಬಿಹಾರದ ಹಿಂದಿ. ಆ ಹಾಳೆ ಅವನಿಗೆ ಏನೂ ಹೇಳುವುದಿಲ್ಲ. ಎದುರಿಗೆ ನಿಂತು "ಒಳಗ ಹೆಂಗದ?" ಅಂದರೆ "ವಾಸನಿ ಬರಲತ್ತದ್ರಿ ಸಾಹೇಬ್ರ" ಅನ್ನುತ್ತಾನೆ. ಆ ಒಂದು ಮಾತಿನ ಮುಂದೆ ನಿಮ್ಮ ಹಾಳೆಯ ಟಿಕ್‌ಗಳು ಯಾವ ಲೆಕ್ಕ? ಭೋಪಾಲ್ ಆದ ಮೇಲೆ, 1987ರಲ್ಲಿ, ಅಪಾಯ ಕಂಡರೆ ಎಚ್ಚರಿಸುವ ಹಕ್ಕನ್ನು ಕಾರ್ಮಿಕನಿಗೆ ಕಾನೂನಿನಲ್ಲೇ ಬರೆದುಕೊಟ್ಟರು. ಆದರೆ ದಿನಗೂಲಿ ಗುತ್ತಿಗೆಯವನು ಆಫೀಸಿಗೆ ಬಂದು ಆ ಹಕ್ಕು ಚಲಾಯಿಸುವುದಿಲ್ಲ. ನಾಳೆ ಗೇಟ್ ಪಾಸ್ ಸಿಗದಿದ್ದರೆ ಅಂತ ಹೆದರುತ್ತಾನೆ. ನೀವೇ ಅವನ ಹತ್ತಿರ ಹೋಗಬೇಕು.

ಕಡೆಗೆ ಮ್ಯಾನೇಜರ್‌ಗಳಿಗೆ ಒಂದು ಬೇಡಿಕೆ. ಗುತ್ತಿಗೆ ಒಪ್ಪಂದದಲ್ಲಿ ತಡವಾದರೆ ದಂಡ ಅಂತ ಬರೆಯುತ್ತೀರಿ. ಆ ಸಾಲಿನ ಕೆಳಗೇ ಇನ್ನೊಂದು ಸಾಲು ಸೇರಿಸಿ. ಗ್ಯಾಸ್ ಟೆಸ್ಟ್‌ಗಾಗಿ, ಪರ್ಮಿಟ್‌ಗಾಗಿ, ಅಪಾಯ ಅಂತ ಯಾರಾದರೂ ಕೆಲಸ ನಿಲ್ಲಿಸಿದ್ದಕ್ಕಾಗಿ ಹೋದ ಸಮಯಕ್ಕೆ ದಂಡ ಇಲ್ಲ, ಆ ಹೊತ್ತಿನ ಕೂಲಿಯೂ ಕಟ್ ಆಗುವುದಿಲ್ಲ ಅಂತ. ಮುಂದಿನ ಶಟ್‌ಡೌನ್ ಟೆಂಡರ್ ಕರೆಯುವ ಮೊದಲು ಇದು ಆಗಲಿ. ನಿಮ್ಮ ಪ್ಲಾಂಟ್‌ನಲ್ಲಿ ಈಗಾಗಲೇ ಹಾಗೆ ಬರೆದಿದ್ದರೆ ನನಗೆ ತಿಳಿಸಿ, ಉಳಿದವರಿಗೂ ತೋರಿಸೋಣ.