ನೋಡುವುದು ಎಡಕ್ಕೆ, ಬರೆಯುವುದು ಬಲಕ್ಕೆ

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕೇರಳದ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ, ಡಿಟಿಪಿ ಅಂಗಡಿಯಲ್ಲಿ, ಸಹಕಾರಿ ಸಂಘದ ಕೌಂಟರಿನಲ್ಲಿ, ಶಾಲೆಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಿಗಾಗಿ ಈ ಮಾತು. ನನಗೆ ಹೇಳಲಿಕ್ಕಿರುವುದು ಒಂದೇ ಸಂಗತಿ. ನೋಡಿ ಬರೆಯುವ ಕೆಲಸ ಯಾವುದೇ ಇರಲಿ, ನೋಡುವ ವಿಂಡೋ ಎಡಕ್ಕೆ, ಬರೆಯುವ ವಿಂಡೋ ಬಲಕ್ಕೆ. ಎರಡೂ ಒಟ್ಟಿಗೆ ಕಣ್ಣಿಗೆ ಬೀಳಬೇಕು.

ಕಂಪ್ಯೂಟರ್ ಎದುರಿಗೇ ಇದ್ದರೆ ಈಗಲೇ ಮಾಡಿ ನೋಡಿ. ಕೀಬೋರ್ಡಿನ ಕೆಳಸಾಲಿನಲ್ಲಿ, ಆಲ್ಟ್ ಕೀಯ ಎಡಗಡೆ, ನಾಲ್ಕು ಚೌಕದ ಗುರುತು ಇರುವ ವಿಂಡೋಸ್ ಕೀ ಇದೆ. ನೋಡಬೇಕಾದ ಕಾಗದವನ್ನು ತೆರೆದು, ವಿಂಡೋಸ್ ಕೀ ಒತ್ತಿ ಹಿಡಿದು, ಎಡಬಾಣದ ಕೀ ಒತ್ತಿ. ಆ ವಿಂಡೋ ಪರದೆಯ ಎಡ ಅರ್ಧದಲ್ಲಿ ಕೂರುತ್ತದೆ. ತೆರೆದಿರುವ ಉಳಿದ ವಿಂಡೋಗಳು ಬಲ ಅರ್ಧದಲ್ಲಿ ಚಿಕ್ಕ ಚಿಕ್ಕ ಚಿತ್ರಗಳಾಗಿ ಕಾಣುತ್ತವೆ. ಟೈಪ್ ಮಾಡಬೇಕಾದ್ದರ ಮೇಲೆ ಒಂದು ಕ್ಲಿಕ್ ಮಾಡಿ. ಮುಗಿಯಿತು, ಐದು ಸೆಕೆಂಡಿನ ಕೆಲಸ. ಎರಡರ ನಡುವಿನ ಗೆರೆಯ ಮೇಲೆ ಮೌಸ್ ಇಟ್ಟರೆ ಎರಡು ತಲೆಯ ಬಾಣ ಬರುತ್ತದೆ; ಅದನ್ನು ಎಳೆದರೆ ಒಂದು ಅಗಲವಾದಷ್ಟೂ ಇನ್ನೊಂದು ಕಿರಿದಾಗುತ್ತದೆ.

ಮೌಸಿನಲ್ಲೇ ಮಾಡುವವರು ವಿಂಡೋದ ತಲೆಪಟ್ಟಿ ಹಿಡಿದು ಎಡ ಅಂಚಿಗೆ ಎಳೆಯಿರಿ. ಹಲವರು ಎಳೆದೂ ಎಳೆದೂ ಆಗುವುದಿಲ್ಲ ಎನ್ನುತ್ತಾರೆ. ಪರದೆಯ ಅಂಚಿಗೆ ತಾಗಬೇಕಾದ್ದು ವಿಂಡೋ ಅಲ್ಲ, ಮೌಸಿನ ಬಾಣ. ಬಾಣವನ್ನು ಅಂಚಿಗೆ ಮುಟ್ಟಿಸಿ, ಮಸುಕಾದ ಚೌಕಟ್ಟು ಕಂಡ ಮೇಲೆ ಕೈ ಬಿಡಿ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣ ಬೇಕೇ ಅಂತ ಕೇಳುವವರಿಗೆ ಈ ಊರಿನದೇ ಒಂದು ಕೆಲಸದ ಉದಾಹರಣೆ ಕೊಡುತ್ತೇನೆ. ಡಿಟಿಪಿ ಅಂಗಡಿಯ ಒಬ್ಬಾಕೆಗೆ ಮಲಯಾಳದ ಒಂದು ಸುತ್ತೋಲೆಯನ್ನು ಕನ್ನಡಕ್ಕೆ ಮಾಡಿ ಕೊಡಬೇಕಿತ್ತು. ಎರಡು ಭಾಷೆಯೂ ಚೆನ್ನಾಗಿ ಬಲ್ಲವರು, ಬೆರಳೂ ಚುರುಕು. ಮಲಯಾಳದ ಪಿಡಿಎಫ್ ಪೂರ್ತಿ ಪರದೆಗೆ, ಕನ್ನಡದ ಕಡತವೂ ಪೂರ್ತಿ ಪರದೆಗೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಒಂದು ವಾಕ್ಯ ಓದುವುದು, ಮತ್ತೆ ಒತ್ತಿ ಅದನ್ನು ಕನ್ನಡದಲ್ಲಿ ಬರೆಯುವುದು. ನಲವತ್ತು ವಾಕ್ಯಕ್ಕೆ ಎಂಬತ್ತು ಸಲ ಪರದೆ ಬದಲು.

ಮಲಯಾಳದ ಸರಕಾರಿ ಆದೇಶ ಓದಿದವರಿಗೆ ಗೊತ್ತು, ಅದರಲ್ಲಿ 'ಉತ್ತರವಾಕುನ್ನು' ಎಂಬ ಪದ ಬರುತ್ತದೆ, ಆದೇಶಿಸಲಾಗಿದೆ ಎಂಬ ಅರ್ಥದಲ್ಲಿ. ನಮ್ಮ 'ಉತ್ತರ'ಕ್ಕೂ ಇದಕ್ಕೂ ಅರ್ಥ ಬೇರೆ, ಅದು ಇರಲಿ. ಆ ಸುತ್ತೋಲೆಯಲ್ಲಿ ಎರಡನೆಯ ಪ್ಯಾರಾವೂ ಮೂರನೆಯ ಪ್ಯಾರಾವೂ ಮುಗಿಯುವುದು ಇದೇ ಪದದಿಂದ. ಎರಡನೆಯದನ್ನು ಬರೆದು ಮುಗಿಸಿ ಆಕೆ ಪಿಡಿಎಫ್‌ಗೆ ಹಿಂದಿರುಗಿದಾಗ ಕಣ್ಣು ಹುಡುಕಿದ್ದು ಬಿಟ್ಟ ಜಾಗವನ್ನು, ಅಂದರೆ 'ಉತ್ತರವಾಕುನ್ನು' ಎಂಬ ಕೊನೆಯ ಪದವನ್ನು. ಪದ ಸಿಕ್ಕಿತು, ಆದರೆ ಮೂರನೆಯ ಪ್ಯಾರಾದ ಕೊನೆಯಲ್ಲಿ. ಅಲ್ಲಿಂದ ನಾಲ್ಕನೆಯದು ಶುರುವಾಯಿತು. ಮೂರನೆಯ ಪ್ಯಾರಾ ಕನ್ನಡಕ್ಕೆ ಬರಲೇ ಇಲ್ಲ. ಅರ್ಜಿಯ ಜೊತೆ ಯಾವ ಯಾವ ಪ್ರಮಾಣಪತ್ರ ಇಡಬೇಕು ಎಂದು ಹೇಳಿದ್ದೇ ಆ ಪ್ಯಾರಾ. ಕನ್ನಡದ ಪ್ರತಿ ಓದಿಕೊಂಡು ಬಂದವರು ಬರಿಗೈಯಲ್ಲಿ ಬಂದರು, ಮತ್ತೊಮ್ಮೆ ಬಸ್ಸು ಹತ್ತಿದರು.

ಆಕೆಯ ಭಾಷಾಜ್ಞಾನದಲ್ಲಿ ದೋಷವಿರಲಿಲ್ಲ, ಗಮನದಲ್ಲೂ ಇರಲಿಲ್ಲ. ಪರದೆ ಬದಲಾದಾಗೆಲ್ಲ ಕಣ್ಣು ತಾನಿದ್ದ ಜಾಗ ಕಳೆದುಕೊಳ್ಳುತ್ತದೆ, ಗುರುತು ಹಿಡಿದು ಮತ್ತೆ ಹುಡುಕಬೇಕಾಗುತ್ತದೆ. ಗುರುತು ಒಂದೇ ರೀತಿಯದು ಎರಡು ಕಡೆ ಇದ್ದರೆ ತಪ್ಪು ಆಗಿಯೇ ಆಗುತ್ತದೆ. ಮಲಯಾಳ ಎಡಕ್ಕೆ, ಕನ್ನಡ ಬಲಕ್ಕೆ ಇದ್ದಿದ್ದರೆ ಎಡಗಡೆ ಮೂರು ಪ್ಯಾರಾ, ಬಲಗಡೆ ಎರಡೇ ಪ್ಯಾರಾ ಎಂಬುದು ಆ ಕ್ಷಣವೇ ಕಾಣುತ್ತಿತ್ತು.

ಅಂಕಿಗಳ ವಿಷಯದಲ್ಲೂ ಇದೇ ಮಾತು. ಆಧಾರ್‌ಗೆ 12 ಅಂಕಿ. ಬ್ಯಾಂಕಿನ ಐಎಫ್‌ಎಸ್‌ಸಿಗೆ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ನೆನಪಿನಿಂದ ಹೊಡೆಯುವವರು ಅಲ್ಲಿ 'ಓ' ಹಾಕುತ್ತಾರೆ. ತಲೆಯಲ್ಲಿ ಹೊತ್ತುಕೊಂಡು ಹೋಗಬೇಡಿ. ಎಡಕ್ಕೆ ಇಟ್ಟುಕೊಂಡು ನೋಡಿ ಹೊಡೆಯಿರಿ.

ಮಲಯಾಳ, ಕನ್ನಡ ಎರಡನ್ನೂ ಟೈಪ್ ಮಾಡುವವರಿಗೆ ಇನ್ನೊಂದು ಅನುಕೂಲ ಇದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಟೈಪಿಂಗ್, ಅದರೊಳಗೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಪ್ರತಿ ವಿಂಡೋಗೆ ಬೇರೆ ಭಾಷೆ ಎಂಬ ಆಯ್ಕೆಗೆ ಟಿಕ್ ಹಾಕಿ. ಒಮ್ಮೆ ಒಂದೊಂದು ವಿಂಡೋದಲ್ಲೂ ಅದರ ಭಾಷೆ ಆರಿಸಿಟ್ಟರೆ ಸಾಕು, ಮುಂದೆ ಎಡದ ವಿಂಡೋಗೆ ಕ್ಲಿಕ್ ಮಾಡಿದರೆ ಮಲಯಾಳ, ಬಲದ್ದಕ್ಕೆ ಮಾಡಿದರೆ ಕನ್ನಡ, ತಾನಾಗಿ.

ನೋಡುವುದೂ ಬರೆಯುವುದೂ ಬ್ರೌಸರಿನ ಎರಡು ಟ್ಯಾಬ್‌ಗಳಲ್ಲೇ ಇದ್ದರೆ ಅವು ಹಾಗೆಯೇ ಅಕ್ಕಪಕ್ಕ ಕೂರುವುದಿಲ್ಲ. ಒಂದು ಟ್ಯಾಬನ್ನು ಹಿಡಿದು ಕೆಳಕ್ಕೆ ಎಳೆದು ಬಿಡಿ, ಅದೇ ಬೇರೊಂದು ವಿಂಡೋ ಆಗುತ್ತದೆ. ಆಮೇಲೆ ಎಡಬಾಣ, ಬಲಬಾಣ.

ಲ್ಯಾಪ್‌ಟಾಪ್ ಚಿಕ್ಕದು, ಅಕ್ಷರ ಕಾಣುವುದಿಲ್ಲ ಎನ್ನುವವರು ಕೇಳಿ. ಹಳೆಯ ಲ್ಯಾಪ್‌ಟಾಪುಗಳ ಪರದೆ ಹೆಚ್ಚಾಗಿ 1366 ಚುಕ್ಕೆ, ಅಂದರೆ ಪಿಕ್ಸೆಲ್, ಅಗಲ, 768 ಎತ್ತರ. ಅರ್ಧ ಮಾಡಿದರೆ 683 ಸಿಗುತ್ತದೆ. ವೆಬ್ ಪುಟ ಅದರಲ್ಲಿ ಹಿಡಿಸದಿದ್ದರೆ ಕಂಟ್ರೋಲ್ ಒತ್ತಿ ಮೈನಸ್ ಎರಡು ಸಲ ಹೊಡೆಯಿರಿ, 80 ಶೇಕಡಕ್ಕೆ ಇಳಿಯುತ್ತದೆ. ಪಿಡಿಎಫ್‌ಗೆ ಪುಟದ ಅಗಲಕ್ಕೆ ಹೊಂದಿಸುವ ಗುಂಡಿ ಒತ್ತಿ. ನಾಲ್ಕು ಮೂಲೆಗೆ ನಾಲ್ಕು ವಿಂಡೋ ಇಡುವ ಚಂದ ಮಾತ್ರ ಬೇಡ. ಒಂದೊಂದಕ್ಕೆ 384 ಚುಕ್ಕೆ ಎತ್ತರ ಸಿಕ್ಕರೆ ಅದರಲ್ಲಿ ಏನನ್ನು ಓದುತ್ತೀರಿ? ಎರಡೇ ಸಾಕು.

ಇದು ಹೊಸ ವಿದ್ಯೆಯೂ ಅಲ್ಲ. 1985ರ ಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ಅಕ್ಕಪಕ್ಕವೇ ಇರುತ್ತಿದ್ದವು, ಒಂದರ ಮೇಲೊಂದು ಹತ್ತುವ ಕ್ರಮ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಅಂಚಿಗೆ ಎಳೆದರೆ ಅರ್ಧಕ್ಕೆ ಕೂರುವ ಸೌಕರ್ಯ 2009ರ ವಿಂಡೋಸ್ 7ರದ್ದು. ಅದರಲ್ಲಿ ಚಿಕ್ಕ ಚಿತ್ರಗಳು ಬರುವುದಿಲ್ಲ, ಎರಡನೆಯದಕ್ಕೆ ನೀವೇ ವಿಂಡೋಸ್ ಕೀ ಮತ್ತು ಬಲಬಾಣ ಒತ್ತಬೇಕು. ಉಬುಂಟು ಬಳಸುವ ಶಾಲೆಯವರೂ ಅಂಚಿಗೆ ಎಳೆದು ನೋಡಿ, ಅಲ್ಲಿಯೂ ಆಗುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಎರಡು ತೊಂದರೆ ಬೇಗ ಹೇಳಿಬಿಡುತ್ತೇನೆ. ಎಷ್ಟು ಒತ್ತಿದರೂ ವಿಂಡೋ ಅರ್ಧಕ್ಕೆ ಕೂರದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್‌ಗೆ ಹೋಗಿ. ಸ್ನ್ಯಾಪ್ ವಿಂಡೋಸ್ ಎಂಬುದು ಆಫ್ ಆಗಿರುತ್ತದೆ, ಆನ್ ಮಾಡಿ. ಇನ್ನು, ಪ್ರೊಜೆಕ್ಟರ್ ತೆಗೆದ ಮೇಲೆ ಒಂದು ವಿಂಡೋ ಕಾಣದೇ ಹೋಗುವುದುಂಟು. ಕೆಳಪಟ್ಟಿಯಲ್ಲಿ ಹೆಸರು ಇರುತ್ತದೆ, ಪರದೆಯ ಮೇಲೆ ಇರುವುದಿಲ್ಲ, ಏಕೆಂದರೆ ಅದು ಹಳೆಯ ಜಾಗವನ್ನೇ ನೆನಪಿಟ್ಟುಕೊಂಡು ಹೊರಗೆ ನಿಂತಿರುತ್ತದೆ. ಕಂಪ್ಯೂಟರ್ ಆಫ್ ಮಾಡಬೇಡಿ. ಆಲ್ಟ್ ಟ್ಯಾಬ್‌ನಿಂದ ಅದನ್ನು ಆರಿಸಿ, ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಎಮ್ ಒತ್ತಿ, ಯಾವುದಾದರೂ ಬಾಣದ ಕೀ ಒಮ್ಮೆ ಒತ್ತಿ. ಈಗ ಮೌಸ್ ಅಲುಗಾಡಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಒಳಗೆ ಬರುತ್ತದೆ. ಬೇಕಾದಲ್ಲಿ ಕ್ಲಿಕ್ ಮಾಡಿ, ವಿಂಡೋಸ್ ಕೀ ಹಿಡಿದು ಎಡಬಾಣ ಒತ್ತಿ. ನಮಸ್ಕಾರ.