ಆರ್ಕ್ ದೀಪದೊಳಗಿನ ಅನುರಣನ: ಕೊಳವೆಯ ಅಳತೆಯಿಂದಲೇ ಪರಿಹಾರ

ಕೇಳುಗರಿಗೆ ನಮಸ್ಕಾರ.

ಮೆಟಲ್ ಹ್ಯಾಲೈಡ್ ದೀಪ ಎಂದರೆ ಪುಟ್ಟ ಕೊಳವೆಯೊಳಗಿನ ಆವಿಯಲ್ಲಿ ವಿದ್ಯುತ್ ಹರಿಸಿ ಬೆಳಗಿಸುವ ದೀಪ; ಆ ಪ್ರವಾಹವನ್ನು ಹಿಡಿತದಲ್ಲಿಡುವುದು ಚೋಕ್. ಇಂಥ ದೀಪಕ್ಕಿದ್ದ ತಾಮ್ರದ ಚೋಕ್ ತೆಗೆದು ಎಲೆಕ್ಟ್ರಾನಿಕ್ ಚೋಕ್ ಕೂರಿಸಿದಾಗ ಕೆಲವೊಮ್ಮೆ ಹೀಗಾಗುತ್ತದೆ. ಹಚ್ಚಿದ ಮೇಲೆ ಒಂದೆರಡು ನಿಮಿಷ ಬೆಳಕು ಚೆನ್ನಾಗಿರುತ್ತದೆ. ಬಿಸಿ ಏರಿದಂತೆ ನಡುಗಲು ಶುರುವಾಗುತ್ತದೆ. ಒಳಗಿನ ಆರ್ಕ್, ಅಂದರೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಹೊಳೆಯುವ ವಿದ್ಯುತ್ ಎಳೆ, ಡೊಂಕಾಗಿ ಕೊಳವೆಯ ಗೋಡೆಯತ್ತ ಬಾಗುತ್ತದೆ. ಕೆಲವು ದೀಪಗಳು ಆರಿಹೋಗುತ್ತವೆ, ಕೆಲವದರ ಕೊಳವೆಯೇ ಸೀಳುತ್ತದೆ. ಬೇರೆ ಚೋಕ್ ತಂದು ಹಾಕಿದರೂ ಅದೇ ಪಾಡು. ಬಿಡಿಬಿಡಿಯಾಗಿ ನೋಡಿದರೆ ದೀಪವೂ ಸರಿ, ಚೋಕೂ ಸರಿ; ಜೋಡಿ ಮಾತ್ರ ಹೊಂದಿಲ್ಲ.

ಕಾರಣ ಕೊಳವೆಯೊಳಗಿನ ಶಬ್ದ. ವಿದ್ಯುತ್ ಪ್ರವಾಹ ಒಂದು ಸುತ್ತು ಬರುವಷ್ಟರಲ್ಲಿ ದೀಪಕ್ಕೆ ಸೇರುವ ಶಕ್ತಿ ಎರಡು ಸಲ ಏರಿ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಅನಿಲ ಕಾದು ತಣಿಯುತ್ತದೆ, ಒತ್ತಡದ ಅಲೆ ಏಳುತ್ತದೆ. ಕೊಳಲಿಗೆ ಇರುವಂತೆ ಈ ಪುಟ್ಟ ಕೊಳವೆಗೂ ತನ್ನದೇ ಸ್ವರಗಳಿವೆ. ಅಲೆಯ ಆವರ್ತನ ಆ ಸ್ವರಕ್ಕೆ ಕೂಡಿದರೆ ಅಲೆ ತಾನೇ ಬಲವಾಗುತ್ತಾ ಹೋಗುವ ಅನುರಣನ ಹುಟ್ಟಿ ಆರ್ಕನ್ನು ತಳ್ಳುತ್ತದೆ. ತಾಮ್ರದ ಚೋಕಿನಲ್ಲಿ ಈ ತೊಂದರೆ ಇರಲಿಲ್ಲ. 50 ಹರ್ಟ್ಜ್ ಪ್ರವಾಹದಲ್ಲಿ ಶಕ್ತಿಯ ಆವರ್ತನ ಬರೀ 100 ಹರ್ಟ್ಜ್. ಕೊಳವೆಯ ಸ್ವರಗಳು ಇರುವುದು ಸಾವಿರಾರು ಹರ್ಟ್ಜ್‌ನಲ್ಲಿ.

ಒಂದು ಲೆಕ್ಕ ಮಾಡೋಣ, ಕಾಗದ ಪೆನ್ನು ಹತ್ತಿರವಿದ್ದರೆ ಒಳ್ಳೆಯದು. ಒಳಗೆ ಹೆಚ್ಚಾಗಿ ಪಾದರಸದ ಆವಿಯೇ ಇದೆ, ಸರಾಸರಿ ಉಷ್ಣತೆ 3000 ಕೆಲ್ವಿನ್ ಎಂದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 455 ಮೀಟರ್ ಬರುತ್ತದೆ. ಸಿಲಿಂಡರ್ ಆಕಾರದ ಸಿರಾಮಿಕ್ ಕೊಳವೆ, ಒಳ ಉದ್ದ 9 ಮಿಲಿಮೀಟರ್, ಒಳ ತ್ರಿಜ್ಯ ಮೂರೂವರೆ ಮಿಲಿಮೀಟರ್. ಉದ್ದಕ್ಕೆ ಸಾಗುವ ಮೊದಲ ಸ್ವರಕ್ಕೆ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಬೇಕು: 25.3 ಕಿಲೋಹರ್ಟ್ಜ್. ಎರಡನೆಯದು 50.6. ಸುತ್ತಳತೆಯಲ್ಲಿ ಓಡಾಡುವ ಸ್ವರಗಳು 38.1 ಮತ್ತು 63.2. ಇವು ಬೆರೆತು ಆಗುವ ಸ್ವರಗಳೂ ಇವೆ, ಮೊದಲನೆಯದು 45.7ರಲ್ಲಿ. ಇವೆಲ್ಲ ಶಕ್ತಿಯ ಆವರ್ತನಗಳು ಎಂಬುದು ನೆನಪಿರಲಿ; ಚೋಕಿನ ಪ್ರವಾಹದ ಆವರ್ತನ ಇವುಗಳ ಅರ್ಧ. ಈ ಅರ್ಧವನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

50.6ರಿಂದ 63.2ರವರೆಗೆ ಒಂದೂ ಸ್ವರವಿಲ್ಲ. ನಡುವಿನ 57 ಆರಿಸಿಕೊಂಡರೆ ಪ್ರವಾಹ 28.5 ಕಿಲೋಹರ್ಟ್ಜ್‌ನಲ್ಲಿ ಹರಿಯಬೇಕು. ಅದು ನಮ್ಮ ಕಿವಿಗೆ ಕೇಳಿಸುವ ಎಲ್ಲೆಗಿಂತ ಮೇಲಿದೆ, ಗುಂಯ್‌ಗುಡುವ ಕಾಟವೂ ಇಲ್ಲ. ಆದರೆ ಸ್ವರವಿಲ್ಲದ ಈ ಕಿಟಕಿ ಕಾಗದದ ಮೇಲೆ ಕಂಡಷ್ಟು ಅಗಲವಲ್ಲ. ಉಷ್ಣತೆ ಶೇಕಡ 10ರಷ್ಟು ಹೆಚ್ಚು ಕಡಿಮೆಯಾದರೆ ಸ್ವರಗಳು ಶೇಕಡ 5ರಷ್ಟು ಸರಿಯುತ್ತವೆ. ಉದ್ದದಲ್ಲಿ 0.3, ತ್ರಿಜ್ಯದಲ್ಲಿ 0.1 ಮಿಲಿಮೀಟರ್ ವ್ಯತ್ಯಾಸವನ್ನೂ ಒಪ್ಪಿಕೊಂಡರೆ ಉಳಿಯುವುದು ಸುಮಾರು 55ರಿಂದ 58, ಮೂರು ಕಿಲೋಹರ್ಟ್ಜ್ ಅಷ್ಟೇ. ಆದ್ದರಿಂದ ಕಿಟಕಿಯನ್ನು ಹಿಗ್ಗಿಸುವ ಕೆಲಸ ಕೊಳವೆಯ ನಕ್ಷೆಯಲ್ಲೇ ಆಗಬೇಕು. ತ್ರಿಜ್ಯ ಹಾಗೇ ಇಟ್ಟು ಉದ್ದವನ್ನು 10 ಮಿಲಿಮೀಟರಿಗೆ ಏರಿಸಿ ನೋಡಿ: ಕಿಟಕಿ 12.6ರಿಂದ 13.8ಕ್ಕೆ ಅಗಲವಾಗುತ್ತದೆ. 11ಕ್ಕೆ ಏರಿಸಿದರೆ ಮತ್ತೆ 12.9ಕ್ಕೆ ಇಳಿಯುತ್ತದೆ. ಇನ್ನಷ್ಟು ಉದ್ದವಾದರೆ ಇನ್ನಷ್ಟು ಲಾಭ ಎಂಬ ನಿಯಮ ಇಲ್ಲಿಲ್ಲ. ಪ್ರತಿ ಅಳತೆಗೂ ಪಟ್ಟಿ ಬರೆದೇ ನೋಡಬೇಕು.

ಇದು ಮೊದಲ ನಕ್ಷೆ ಮಾತ್ರ. ನಿಜವಾದ ದೀಪದಲ್ಲಿ ನಡುವಿನ ಆರ್ಕ್ ಐದಾರು ಸಾವಿರ ಕೆಲ್ವಿನ್, ಗೋಡೆಯ ಬಳಿ ಸಾವಿರ ಚಿಲ್ಲರೆ. ವೇಗ ಎಲ್ಲ ಕಡೆ ಒಂದೇ ಇರುವುದಿಲ್ಲ. ಎಲೆಕ್ಟ್ರೋಡ್‌ಗಳು ಒಳಕ್ಕೆ ಚಾಚಿರುತ್ತವೆ, ಮೂಲೆಗಳು ದುಂಡಗಿರುತ್ತವೆ. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಸರಿಪಡಿಸಬೇಕು, ಆಮೇಲೆ ದೀಪದ ಮೇಲೇ ಪರೀಕ್ಷಿಸಬೇಕು.

ಸೋಡಿಯಂ ದೀಪದ ಕೊಳವೆ ಸಪೂರ, ಉದ್ದ. 100 ಮಿಲಿಮೀಟರ್ ಉದ್ದವಿದ್ದರೆ ಎರಡು ಮೂರು ಕಿಲೋಹರ್ಟ್ಜ್‌ಗೊಂದು ಸ್ವರ ಬರುತ್ತದೆ. ಅಲ್ಲಿ ಕಿಟಕಿ ಹುಡುಕುತ್ತಾ ಕೂರುವುದು ವ್ಯರ್ಥ. ನೂರರಿಂದ ನಾನೂರು ಹರ್ಟ್ಜ್‌ನ ಚೌಕ ಅಲೆ ಕೊಡುವುದೇ ವಾಸಿ. ಚೌಕ ಅಲೆಯಲ್ಲಿ ಶಕ್ತಿ ಹೆಚ್ಚು ಕಡಿಮೆ ಸಮನಾಗಿರುತ್ತದೆ, ಅನಿಲವನ್ನು ಕೆಣಕುವುದಿಲ್ಲ. ಕಾರಿನ 35 ವಾಟ್ ಝೆನಾನ್ ದೀಪ ಉರಿಯುವುದೂ ಇದೇ ಬಗೆಯಲ್ಲಿ. ಖರ್ಚು ಮಾತ್ರ ಜಾಸ್ತಿ: ಪ್ರವಾಹ ಹಿಡಿತದಲ್ಲಿಡಲು ಒಂದು ಹಂತ, ದಿಕ್ಕು ಬದಲಿಸಲು ನಾಲ್ಕು ಸ್ವಿಚ್‌ಗಳ ಇನ್ನೊಂದು ಹಂತ ಬೇಕು. ಮೊದಲ ಹಂತದ ಸ್ವಿಚಿಂಗ್ ಏರಿಳಿತ ದೀಪದವರೆಗೆ ಸೋರಲು ಬಿಡಬಾರದು. ಕೆಲವೇ ಶೇಕಡದಷ್ಟು ಏರಿಳಿತವೂ ಸ್ವರಕ್ಕೆ ತಾಗಿದರೆ ಆರ್ಕ್ ಅಲುಗುತ್ತದೆ. ಅದನ್ನು ತಡೆಯುವ ಫಿಲ್ಟರ್ ಕೆಪಾಸಿಟರಿನಲ್ಲಿ ಜಿಪುಣತನ ಬೇಡ.

ಪರೀಕ್ಷೆ ಹೀಗಿರಲಿ. ಕೊಳವೆ ಸಿಡಿದರೂ ಚೂರು ಹೊರಗೆ ಬಾರದ, ನೇರಳಾತೀತ ಕಿರಣ ತಡೆಯುವ ಪೆಟ್ಟಿಗೆಯಲ್ಲಿ ದೀಪ ಇಡಿ. ಪೂರ್ತಿ ಬಿಸಿಯಾಗಲು ಬಿಡಿ. ಮಸೂರದಿಂದ ಆರ್ಕಿನ ಬಿಂಬವನ್ನು ಬಿಳಿ ಪರದೆಯ ಮೇಲೆ ಮೂಡಿಸಿ. ವಾಟೇಜ್ ಬದಲಾಗದಂತೆ ನೋಡಿಕೊಂಡು ಆವರ್ತನವನ್ನು 100 ಹರ್ಟ್ಜ್‌ನಂತೆ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಕೆಲವು ಸೆಕೆಂಡು ನಿಲ್ಲಿ, ದೀಪದ ವೋಲ್ಟೇಜ್ ಬರೆದುಕೊಳ್ಳಿ. ಆರ್ಕ್ ಬಾಗಿದರೆ ಅದರ ಉದ್ದ ಹೆಚ್ಚುತ್ತದೆ, ವೋಲ್ಟೇಜ್ ಏರುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೀಟರ್ ಹೇಳಿಬಿಡುತ್ತದೆ. ಮೇಲೆ ಹೋದ ಮೇಲೆ ಅದೇ ದಾರಿಯಲ್ಲಿ ಕೆಳಗೂ ಬನ್ನಿ, ಏಕೆಂದರೆ ಏರುವಾಗ ನಡುಕ ಶುರುವಾದ ಜಾಗ ಬೇರೆ, ಇಳಿಯುವಾಗ ಅದು ನಿಲ್ಲುವ ಜಾಗ ಬೇರೆ. ಎರಡು ಗುರುತುಗಳಲ್ಲಿ ಕಿಟಕಿಯನ್ನು ಕಿರಿದಾಗಿಸುವುದನ್ನೇ ಲೆಕ್ಕಕ್ಕೆ ಹಿಡಿಯಬೇಕು. ದೀಪವನ್ನು ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ, ಹೊಸದರ ಜೊತೆಗೆ ಸಾವಿರಾರು ಗಂಟೆ ಉರಿದ ಹಳೆಯದನ್ನೂ ಇದೇ ರೀತಿ ಅಳೆಯಿರಿ. ಎಲ್ಲದರಲ್ಲೂ ಖಾಲಿ ಉಳಿದ ಕಿಟಕಿಯ ನಡುವೆ ಚೋಕಿನ ಆವರ್ತನ ಇಡಿ.